ಕಣ್ಣು ತಗ್ಗಿಸಿದರೆ ಎಷ್ಟು ಅಂಕ ಕಳೆಯಬೇಕು?

ಕೈಕಟ್ಟಿ ಕೂತರೆ ಮನಸ್ಸು ಮುಚ್ಚಿಕೊಂಡಿದೆ ಎಂದರ್ಥ. ಕಣ್ಣು ತಪ್ಪಿಸಿದರೆ ಏನನ್ನೋ ಬಚ್ಚಿಡುತ್ತಿದ್ದಾರೆ ಎಂದರ್ಥ. ಮೂಗು ಮುಟ್ಟಿಕೊಂಡರೆ ಸುಳ್ಳು, ಕುರ್ಚಿಯ ಅಂಚಿನಲ್ಲಿ ಕೂತರೆ ಅಳುಕು, ಅಂಗೈ ತೆರೆದು ತೋರಿಸಿದರೆ ಪ್ರಾಮಾಣಿಕತೆ. ಎಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ತರಗತಿಗಳಲ್ಲಿ, ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ, ಕಂಪನಿಗಳ ಎಚ್‌ಆರ್ ತರಬೇತಿಯಲ್ಲಿ ಈ ಪಟ್ಟಿಯನ್ನು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಹೇಳಿಕೊಡುತ್ತಾರೆ. ಬೆಳಗಾವಿಯ ಹುಡುಗಿಗೆ ಕಲಿಸುವುದೂ ಇದನ್ನೇ, ಪುಣೆಯ ಹಿಂಜವಡಿಯಲ್ಲಿ ಅವಳ ಸಂದರ್ಶನ ಮಾಡುವವರು ಕಲಿತು ಬಂದಿರುವುದೂ ಇದನ್ನೇ.

ಆದರೆ ಈ ಪಟ್ಟಿ ಕೈಗೆ ಬರುವ ಹೊತ್ತಿಗೆ ಆ ಹುಡುಗಿ ಹತ್ತು ಹನ್ನೆರಡು ವರ್ಷ ಇನ್ನೊಂದು ಪಟ್ಟಿಯನ್ನು ಬಾಯಿಪಾಠಕ್ಕಿಂತ ಗಟ್ಟಿಯಾಗಿ ಕಲಿತಿರುತ್ತಾಳೆ. ಮೇಷ್ಟ್ರು ಮಾತಾಡಿಸಿದರೆ ಎದ್ದು ಕೈಕಟ್ಟಿ ನಿಲ್ಲಬೇಕು. ಬೈಯುವಾಗ ತಲೆ ತಗ್ಗಿಸಬೇಕು; ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ "ಏನು, ಗುರಾಯಿಸ್ತೀಯಾ?" ಎಂದು ಇನ್ನಷ್ಟು ಬೈಗುಳ. ಹಿರಿಯರ ಎದುರು ಕಾಲ ಮೇಲೆ ಕಾಲು ಹಾಕಬಾರದು, ಕುರ್ಚಿಗೆ ಒರಗಿ ಕೂರಬಾರದು. ಹೀಗೆ ಕಲಿತು ಒಳ್ಳೆಯ ವಿದ್ಯಾರ್ಥಿನಿ ಎನಿಸಿಕೊಂಡವಳನ್ನು ಇಪ್ಪತ್ತೊಂದನೇ ವಯಸ್ಸಿಗೆ ಒಂದು ಎಸಿ ಕೋಣೆಯಲ್ಲಿ ಕೂರಿಸಿ, ಹದಿನೈದು ನಿಮಿಷ ನೋಡಿ, ಹಾಳೆಯ ಮೇಲೆ 'ಆತ್ಮವಿಶ್ವಾಸ ಕಡಿಮೆ' ಎಂದು ಬರೆಯುತ್ತಾರೆ. ಮೊದಲ ಶಾಲೆ ಮರ್ಯಾದೆ ಎಂದು ಕಲಿಸಿದ್ದನ್ನೇ ಎರಡನೆಯದು ಕೊರತೆ ಎಂದು ಎಣಿಸುತ್ತದೆ, ಮತ್ತು ಕೆಲಸ ಕೊಡುವ ಅಧಿಕಾರ ಇರುವುದು ಎರಡನೆಯದಕ್ಕೆ.

ಈ ಪಟ್ಟಿ ವಿಜ್ಞಾನವಾಗಿ ಸುಳ್ಳು, ಪರೀಕ್ಷೆಯಾಗಿ ಅನ್ಯಾಯ. ಅದನ್ನು ತಿದ್ದಲು ಹೊರಟವರು ಮುಂದಿಡುವ 'ಭಾರತೀಯ ಸಂಸ್ಕೃತಿಯಲ್ಲಿ ಹೀಗೆ ಮಾಡಿದರೆ ಹೀಗೆ ಅರ್ಥ' ಎಂಬ ಎರಡನೇ ಪಟ್ಟಿಯೂ ಅದಕ್ಕಿಂತ ಮೇಲಲ್ಲ. ಕೆಲಸ, ಅಂಕ, ನ್ಯಾಯಾಲಯದಲ್ಲಿ ಸಾಕ್ಷಿಯ ಮಾತಿನ ತೂಕ ನಿರ್ಧಾರವಾಗುವ ಜಾಗಗಳಲ್ಲಿ ಅಪರಿಚಿತರ ದೇಹವನ್ನು ಓದಿ ಬೆಲೆ ಕಟ್ಟುವ ಅಭ್ಯಾಸವೇ ನಿಲ್ಲಬೇಕು.

93ರ ಕಥೆ

ಪಟ್ಟಿ ಕಲಿಸುವವರ ಬಳಿ ಒಂದು ಬ್ರಹ್ಮಾಸ್ತ್ರವಿದೆ. ಸಂವಹನದಲ್ಲಿ ಮಾತಿನ ಪಾಲು ಶೇ. 7, ದನಿಯ ಪಾಲು ಶೇ. 38, ಮುಖ ಮತ್ತು ದೇಹದ ಪಾಲು ಶೇ. 55 ಎಂಬ ಲೆಕ್ಕ. ಅಂದರೆ ನೂರಕ್ಕೆ 93 ಭಾಗ ಮಾತಿನ ಆಚೆಗಿದೆ. ತರಬೇತಿ ಶುರುವಾದ ಹತ್ತು ನಿಮಿಷದೊಳಗೆ ಈ ಸಂಖ್ಯೆ ಪರದೆಯ ಮೇಲೆ ಬರುತ್ತದೆ.

ಈ ಲೆಕ್ಕ ಹುಟ್ಟಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಎರಡು ಪ್ರಯೋಗಗಳಿಂದ. ಒಂದರಲ್ಲಿ ಕೆಲವೇ ಒಂಟಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ 'ಇರಬಹುದು' ಎಂಬರ್ಥದ ಒಂದೇ ಇಂಗ್ಲಿಷ್ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಜೊತೆಗೆ ಮುಖದ ಫೋಟೋ ತೋರಿಸಿದರು. ಮಾತನಾಡುವವರಿಗೆ ಇಷ್ಟವೋ ಇಷ್ಟವಿಲ್ಲವೋ ಹೇಳಿ ಎಂಬುದಷ್ಟೇ ಪ್ರಶ್ನೆ. ಎರಡು ಪ್ರಯೋಗಗಳ ಫಲಿತಾಂಶವನ್ನು ಕೂಡಿಸಿ ಮಾಡಿದ ಸೂತ್ರ ಅದು. ಇಷ್ಟಾನಿಷ್ಟದ ಭಾವನೆಯ ಬಗ್ಗೆ ಮಾತು ಬಂದಾಗ ಮಾತ್ರ ಇದು ಅನ್ವಯಿಸುತ್ತದೆ ಎಂದು ಮೆಹ್ರಾಬಿಯನ್ ತಾವೇ ಹೇಳಿದ್ದಾರೆ. ಐದು ವರ್ಷದ ಅನುಭವವನ್ನೋ ಒಂದು ಪ್ರಾಜೆಕ್ಟಿನ ವಿವರವನ್ನೋ ಹೇಳುವಾಗ ಅದು ಯಾವ ಕೆಲಸಕ್ಕೂ ಬಾರದು.

ಪ್ರಯೋಗದ ವಿವರ ಗೊತ್ತಿಲ್ಲದಿದ್ದರೂ ಇದನ್ನು ಒರೆಗೆ ಹಚ್ಚಬಹುದಿತ್ತು. ಮಾತಿನ ಪಾಲು ಶೇ. 7 ಮಾತ್ರ ಆಗಿದ್ದರೆ, ಹುಬ್ಬಳ್ಳಿಯಿಂದ ಚೆನ್ನೈಗೆ ಹೋದವರಿಗೆ ರೈಲಿಳಿದ ದಿನವೇ ತಮಿಳಿನ ನೂರಕ್ಕೆ 93 ಭಾಗ ಅರ್ಥವಾಗಬೇಕಿತ್ತು. ಆಟೋದವರ ಜೊತೆ ಬಾಡಿಗೆ ಮಾತಾಡಿದವರಿಗೆ ನಿಜ ಏನೆಂದು ಗೊತ್ತು. ಆಕಾಶವಾಣಿಯ ವಾರ್ತೆ ಯಾರಿಗೂ ತಲುಪಬಾರದಿತ್ತು. ಊರಿನಿಂದ ಬಂದ ಫೋನಿನಲ್ಲಿ ಯಾರು ತೀರಿಕೊಂಡರು ಎಂಬುದೇ ತಿಳಿಯಬಾರದಿತ್ತು.

ಗೊಂದಲದ ಬೇರು 'ದೇಹಭಾಷೆ' ಎಂಬ ಹೆಸರಿನಲ್ಲೇ ಇದೆ. ಭಾಷೆ ಎಂದ ಕೂಡಲೇ ಅದಕ್ಕೆ ಪದಕೋಶ ಇರಬೇಕು, ಓದಲು ಬರಬೇಕು, ಅನುವಾದ ಮಾಡಲು ಬರಬೇಕು ಎನಿಸುತ್ತದೆ. ಕಿವುಡರ ಸಂಜ್ಞಾಭಾಷೆಗಳು ನಿಜಕ್ಕೂ ಭಾಷೆಗಳು. ಅವಕ್ಕೆ ವ್ಯಾಕರಣವಿದೆ, ನಿಷೇಧವಿದೆ, ಪ್ರಶ್ನೆಯಿದೆ, ನಿನ್ನೆ ನಾಳೆಗಳಿವೆ. ದೆಹಲಿಯ ಭಾರತೀಯ ಸಂಜ್ಞಾಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 10,000 ಪದಗಳ ನಿಘಂಟನ್ನೇ ತಂದಿದೆ. ಕಟ್ಟಿದ ಕೈಗೆ ಇದಾವುದೂ ಇಲ್ಲ. ಅದು ಚಳಿಯೂ ಇರಬಹುದು, ಮರ್ಯಾದೆಯೂ ಇರಬಹುದು, ಅಂಗಿಯ ಮೇಲೆ ಬಿದ್ದ ಚಹಾದ ಕಲೆ ಮುಚ್ಚುವ ಯತ್ನವೂ ಇರಬಹುದು. ಹೆಬ್ಬೆರಳು ಎತ್ತುವುದು, ಕೈಮುಗಿಯುವುದು, ತಲೆಯಾಡಿಸುವುದು ಮುಂತಾಗಿ ಒಂದು ಸಮುದಾಯ ಒಪ್ಪಿಕೊಂಡ ಅರ್ಥವಿರುವ ಕೆಲವು ಸನ್ನೆಗಳಿವೆ ನಿಜ. ಪಟ್ಟಿಯ ದೃಷ್ಟಿ ಇರುವುದು ಅವುಗಳ ಮೇಲಲ್ಲ. ವ್ಯಕ್ತಿ ಹೇಳದೆ ಇದ್ದದ್ದನ್ನು ಅವರ ಮೈಯಿಂದ ಹೊರಗೆಳೆಯುತ್ತೇವೆ ಎಂಬುದೇ ಅದರ ಹೆಚ್ಚುಗಾರಿಕೆ.

ಕಣ್ಣು ಮತ್ತು ಸುಳ್ಳು

ಹೊರಗೆಳೆಯಲು ಬರುತ್ತದೆಯೇ? ಇದನ್ನು ಬೇಕಾದಷ್ಟು ಸಲ ಪರೀಕ್ಷಿಸಿ ನೋಡಿದ್ದಾರೆ. ಸುಳ್ಳನ್ನು ಹೇಗೆ ಗುರುತಿಸುತ್ತೀರಿ ಎಂದು 58 ದೇಶಗಳ ಜನರನ್ನು ಕೇಳಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ಜನ ಕೊಟ್ಟ ಉತ್ತರ: ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ. ಇಷ್ಟು ದೇಶಗಳ ಜನ ಒಪ್ಪಿದ ಮಾತು ನಿಜವಿರಲೇಬೇಕು ಎನಿಸಬಹುದು. ಆದರೆ ಸುಳ್ಳಿನ ಸುಳಿವುಗಳ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನು ಬೆಲ್ಲಾ ಡಿಪಾಲೊ ಮತ್ತು ಸಂಗಡಿಗರು 2003ರಲ್ಲೇ ಒಟ್ಟುಗೂಡಿಸಿ ನೋಡಿದ್ದರು. ಕಣ್ಣು ತಪ್ಪಿಸುವುದಕ್ಕೂ ಸುಳ್ಳಿಗೂ ಸಂಬಂಧ ಕಾಣಲಿಲ್ಲ. 2006ರಲ್ಲಿ ಚಾರ್ಲ್ಸ್ ಬಾಂಡ್ ಜೊತೆ ಅವರು ಮಾಡಿದ ಇನ್ನೊಂದು ಲೆಕ್ಕದಲ್ಲಿ 24,000ಕ್ಕೂ ಹೆಚ್ಚು ಜನರ ತೀರ್ಪುಗಳಿದ್ದವು. ಸುಳ್ಳು ನಿಜಗಳನ್ನು ಸರಿಯಾಗಿ ಗುರುತಿಸಿದ್ದು ಶೇ. 54 ಸಲ. ನಾಣ್ಯ ಚಿಮ್ಮಿದರೆ ಶೇ. 50 ಸಿಗುತ್ತದೆ.

ಇದನ್ನು ಹಣ ಸುರಿದು ಕಲಿತ ಸರ್ಕಾರವೂ ಇದೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಅಪಾಯ ಗುರುತಿಸುವ ಅಧಿಕಾರಿಗಳನ್ನು ನೇಮಿಸಲಾಯಿತು. 2007ರಿಂದ ಅದಕ್ಕೆ ಸುಮಾರು 90 ಕೋಟಿ ಡಾಲರ್ ಖರ್ಚಾಗಿತ್ತು. 2013ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಕೊಟ್ಟಿತು: ಹಾವಭಾವದಿಂದ ವಂಚನೆ ಪತ್ತೆಹಚ್ಚುವ ಮನುಷ್ಯರ ಸಾಮರ್ಥ್ಯ ಕುರುಡು ಊಹೆಗೆ ಸಮ, ಅಥವಾ ಕೂದಲೆಳೆಯಷ್ಟು ಮೇಲು, ಇದಕ್ಕೆ ಮುಂದಿನ ಹಣ ಮಿತಿಗೊಳಿಸಿ. ಎದುರಿಗೆ ವಿಮಾನ, ಬೆನ್ನಿಗೆ ಸರ್ಕಾರ ಇದ್ದವರಿಗೆ ಓದಲಾಗದ ಮುಖವನ್ನು ಎರಡು ದಿನದ ಕಾರ್ಯಾಗಾರ ಮುಗಿಸಿದ ಮ್ಯಾನೇಜರ್ ಓದುತ್ತಾರೆಂದು ನಂಬುವುದು ಹೇಗೆ?

ಕಣ್ಣು ತಪ್ಪಿಸುವುದು ಸುಳ್ಳಿನ ಗುರುತು ಎಂಬ ನಂಬಿಕೆ ಎಲ್ಲೆಡೆ ಇದೆ. ಹಿರಿಯರ ಎದುರು ಕಣ್ಣು ತಗ್ಗಿಸಬೇಕು ಎಂಬ ಪಾಠ ಎಲ್ಲೆಡೆ ಇಲ್ಲ. ಹಾಗಾಗಿ ತಪ್ಪು ತೀರ್ಪಿನ ಹೊರೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಆ ಪಾಠ ಕಲಿತು ಬಂದವರ ತಲೆಯ ಮೇಲೆ ಅದು ಹೆಚ್ಚು ಬೀಳುತ್ತದೆ.

ರೋಮ್ ಮತ್ತು ನೇಪಲ್ಸ್ ನಡುವಿನ ಗೆರೆ

ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಒಂದು ಪರಿಹಾರ ಕೇಳಿಬರುತ್ತದೆ: ಪಾಶ್ಚಾತ್ಯರ ಪಟ್ಟಿ ಬೇಡ, ದೇಶಕ್ಕೊಂದು ಪಟ್ಟಿ ಮಾಡೋಣ. ಬಲ್ಗೇರಿಯಾದಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ 'ಹೌದು', ಭಾರತದಲ್ಲಿ ತಲೆ ಓಲಾಡಿಸಿದರೆ 'ಸರಿ', ಜಪಾನಿನಲ್ಲಿ ಬಾಗಿದರೆ ಗೌರವ. ವಿದೇಶಿ ಗ್ರಾಹಕರ ಜೊತೆ ಕೆಲಸ ಮಾಡುವ ಕಂಪನಿಗಳಲ್ಲಿ ಇಂಥ ಕೈಪಿಡಿಗಳು ಸಾಕಷ್ಟಿವೆ.

ಸನ್ನೆಗಳು ದೇಶದ ಗಡಿ ನೋಡಿ ನಡೆಯುವುದಿಲ್ಲ. 1979ರಲ್ಲಿ ಡೆಸ್ಮಂಡ್ ಮಾರಿಸ್ ಮತ್ತು ಸಂಗಡಿಗರು ಯೂರೋಪಿನ ಸುತ್ತಮುತ್ತ 40 ಕಡೆ 20 ಸನ್ನೆಗಳ ಅರ್ಥ ವಿಚಾರಿಸಿ ಪುಸ್ತಕ ಪ್ರಕಟಿಸಿದರು. ಇಟಲಿಯಲ್ಲಿ ಅವರಿಗೆ ಸ್ವಾರಸ್ಯದ ಸಂಗತಿಯೊಂದು ಕಂಡಿತು. ರೋಮ್‌ನವರು 'ಇಲ್ಲ' ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. ನೇಪಲ್ಸ್ ಮತ್ತು ಅದರ ದಕ್ಷಿಣಕ್ಕೆ ಗ್ರೀಕರಂತೆ ತಲೆಯನ್ನು ಹಿಂದಕ್ಕೆ ಎಗರಿಸುತ್ತಾರೆ. ಒಂದೇ ದೇಶ, ಒಂದೇ ಧರ್ಮ, ಶಾಲೆಯಲ್ಲಿ ಕಲಿಯುವ ಭಾಷೆಯೂ ಒಂದೇ; ನಡುವೆ ಒಂದು ಗೆರೆ. ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆ ದಕ್ಷಿಣ ಇಟಲಿಯಲ್ಲಿ ನೆಲೆಸಿದ ಗ್ರೀಕ್ ವಸಾಹತುಗಳ ಗುರುತು ಅದು ಎಂದು ಮಾರಿಸ್ ವಿವರಿಸಿದರು. 'ಇಟಲಿಯವರ ಸನ್ನೆ' ಎಂದು ಪುಟದ ತಲೆಬರಹ ಹಾಕಿದ ಕೂಡಲೇ ಕೈಪಿಡಿ ತಪ್ಪಾಯಿತು.

ಗೆರೆ ಇದ್ದಲ್ಲೇ ಇರುತ್ತದೆ ಎಂದುಕೊಳ್ಳುವುದೂ ತಪ್ಪು. ಯಹೂದಿಯರ ಕೈಯಾಟ ಅವರ ರಕ್ತದಲ್ಲೇ ಇದೆ ಎಂದು ಜರ್ಮನಿಯ ಜನಾಂಗವಾದಿಗಳು ಪುಸ್ತಕ ಬರೆಯುತ್ತಿದ್ದ ಕಾಲದಲ್ಲಿ, ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಅವರ ಶಿಷ್ಯ ಡೇವಿಡ್ ಎಫ್ರಾನ್ ನ್ಯೂಯಾರ್ಕಿನ ಬೀದಿಗಳಲ್ಲಿ ಕೂತು ಜನರ ಕೈಗಳನ್ನು ಗಮನಿಸಿದರು. ಪೂರ್ವ ಯೂರೋಪಿನಿಂದ ಬಂದ ಯಹೂದಿಯರ ಕೈಗಳು ಮೈಗೆ ಹತ್ತಿರ, ಚಿಕ್ಕದಾಗಿ, ವಾದದ ತಿರುವು ತೋರಿಸುವಂತೆ ಆಡುತ್ತಿದ್ದವು. ದಕ್ಷಿಣ ಇಟಲಿಯವರ ಕೈಗಳು ತೋಳಿನಷ್ಟಗಲ ಬೀಸಿ ಗಾಳಿಯಲ್ಲಿ ಚಿತ್ರ ಬರೆಯುತ್ತಿದ್ದವು. ಎರಡೂ ಸಮುದಾಯಗಳಲ್ಲಿ ಹೊಸ ನಾಡಿನ ಜನರೊಡನೆ ಬೆರೆತು ಬೆಳೆದ ಮಕ್ಕಳನ್ನು ನೋಡಿದರೆ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿತ್ತು. 1941ರಲ್ಲಿ ಪ್ರಕಟವಾದ ಈ ಅಧ್ಯಯನದ ತಾತ್ಪರ್ಯ ಇಷ್ಟು: ಸನ್ನೆ ಕೂಡಿ ಬಾಳಿದವರಿಂದ ಬರುತ್ತದೆ, ಬಾಳು ಬದಲಾದರೆ ಅದೂ ಬದಲಾಗುತ್ತದೆ.

ಮುಂಬೈಯ, ಹೈದರಾಬಾದಿನ ಕನ್ನಡ ಮನೆಗಳಲ್ಲಿ ಇದನ್ನು ಕಾಣಲು ಪುಸ್ತಕ ಬೇಕಿಲ್ಲ. ಅಜ್ಜಿ ಒಂದು ಸಲ ಲೊಚಗುಟ್ಟಿದರೆ 'ಇಲ್ಲ', ನಾಲ್ಕು ಸಲ ಲೊಚಗುಟ್ಟಿದರೆ 'ಅಯ್ಯೋ ಪಾಪ'. ಅಂಧೇರಿಯಲ್ಲಿ ಹುಟ್ಟಿದ ಮೊಮ್ಮಗನಿಗೆ ಅದು ಅರ್ಥವಾಗುತ್ತದೆ, ಆದರೆ ಅವನು ಲೊಚಗುಟ್ಟುವುದಿಲ್ಲ. ಊರಿಗೆ ಹೋದಾಗ ತಲೆ ಓಲಾಡಿಸುತ್ತಾನೆ, ಆಫೀಸಿನಲ್ಲಿ ನೆಟ್ಟಗೆ ಆಡಿಸುತ್ತಾನೆ. ದೆಹಲಿಯ ಸಹೋದ್ಯೋಗಿ ಅವನ ತಲೆಯಾಟ ನೋಡಿ "ಹೌದೋ ಅಲ್ಲವೋ ಬಾಯಿಬಿಟ್ಟು ಹೇಳು" ಎಂದರೆ ನಗುತ್ತಾನೆ, ಹೇಳುತ್ತಾನೆ. ಅಲ್ಲಿಗೆ ಗೊಂದಲ ಮುಗಿಯಿತು. ಕೇಳಿದ್ದರಿಂದ ಮುಗಿಯಿತು. ಆ ಸಹೋದ್ಯೋಗಿ ಕೇಳದೆ, 'ಇವನಿಗೆ ಸ್ಪಷ್ಟತೆ ಇಲ್ಲ' ಎಂದು ವರ್ಷದ ಮೌಲ್ಯಮಾಪನದಲ್ಲಿ ಬರೆದಿದ್ದರೆ?

ಎರಡನೇ ಪಟ್ಟಿಯ ಮೋಸ

'ಭಾರತೀಯ ಸಂಸ್ಕೃತಿಯಲ್ಲಿ ಕಣ್ಣು ತಗ್ಗಿಸುವುದು ಗೌರವದ ಸೂಚನೆ' ಎಂಬ ಸಾಲು ಕೇಳಲು ಚೆನ್ನಾಗಿದೆ. ಯಾರು, ಯಾರ ಮುಂದೆ ಎಂದು ಕೇಳಿದರೆ ಅದರ ಚೆಂದ ಕಳಚುತ್ತದೆ. ಗೌಡರು ಜೀತದಾಳಿನ ಮುಂದೆ ಕಣ್ಣು ತಗ್ಗಿಸಿದ್ದು ಯಾವ ಊರಿನಲ್ಲಿ? ಮಾವ ಸೊಸೆಯ ಮುಂದೆ ಕೈಕಟ್ಟಿ ನಿಂತದ್ದು ಯಾವ ಮನೆಯಲ್ಲಿ? ಮೇಲ್ಜಾತಿಯ ಬೀದಿಯಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುವುದು, ತಲೆಯ ವಸ್ತ್ರ ತೆಗೆದು ಕಂಕುಳಿಗೆ ಸೇರಿಸುವುದು, ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಕೂಡ ಮಾತಿಲ್ಲದ ಸಂವಹನವೇ. ಅವನ್ನೂ ಗೌರವ ಎಂದೇ ಕರೆಯುತ್ತಿದ್ದರು. ಅವುಗಳ ಹಿಂದೆ ಪೆಟ್ಟು ಇತ್ತು, ಕೂಲಿ ತಪ್ಪಿಸುವ ಬೆದರಿಕೆ ಇತ್ತು.

ಕರ್ನಾಟಕದ ಊರೂರಲ್ಲಿ ನಿಂತಿರುವ ಅಂಬೇಡ್ಕರ್ ಪ್ರತಿಮೆಗಳನ್ನು ನೋಡಬೇಕು. ಸೂಟು, ಕಾಲಲ್ಲಿ ಬೂಟು, ಒಂದು ಕೈಯಲ್ಲಿ ಸಂವಿಧಾನ, ಮುಂದಕ್ಕೆ ಎತ್ತಿದ ತೋರುಬೆರಳು, ನೆಟ್ಟಗಿನ ಕತ್ತು. ಆ ನಿಲುವಿನ ಒಂದೊಂದು ಅಂಶವೂ ಹಳೆಯ ಪಟ್ಟಿಯ ಒಂದೊಂದು ನಿಯಮಕ್ಕೆ ಕೊಟ್ಟ ಉತ್ತರ. ಹೇಗೆ ನಿಲ್ಲಬೇಕು ಎಂಬುದು ಸಂಸ್ಕೃತಿಯ ವಿಷಯವಷ್ಟೇ ಆಗಿದ್ದರೆ ಆ ಬೆರಳನ್ನು ಕಂಡು ಯಾರಿಗೂ ಕಿರಿಕಿರಿಯಾಗಬೇಕಿರಲಿಲ್ಲ.

ಹಾಗಾಗಿ ಸಂದರ್ಶನದ ಕೋಣೆಯಲ್ಲಿ ಕಣ್ಣು ತಗ್ಗಿಸಿದ ಹುಡುಗನ ಪರವಾಗಿ 'ಅದು ಅವನ ಸಂಸ್ಕೃತಿ' ಎಂದು ವಾದಿಸುವವರು ಅರ್ಧ ನಿಜ ಹೇಳುತ್ತಿದ್ದಾರೆ. ಆ ಕಣ್ಣನ್ನು ತಗ್ಗಿಸಿದವರು ಯಾರು ಎಂಬುದು ಉಳಿದರ್ಧ. ಒಂದು ವ್ಯವಸ್ಥೆ ತಲೆ ತಗ್ಗಿಸಲು ಕಲಿಸಿತು. ಇನ್ನೊಂದು, ತಗ್ಗಿಸಿದ್ದಕ್ಕೆ ಅಂಕ ಕಳೆಯಿತು. ಎರಡೂ ಕಡೆ ನಷ್ಟ ಒಬ್ಬನಿಗೇ. ಅದೇ ಕೋಣೆಗೆ ಬೆಂಗಳೂರಿನ ದುಬಾರಿ ಶಾಲೆಯಲ್ಲಿ, ಮೇಷ್ಟ್ರನ್ನು ಹೆಸರು ಹಿಡಿದು ಕರೆಯುತ್ತ ಬೆಳೆದವರು ಬಂದರೆ ಅವರ ಮೈಗೆ ಪಟ್ಟಿ ಹೊಲಿಸಿದಂತೆ ಹೊಂದುತ್ತದೆ. ಆತ್ಮವಿಶ್ವಾಸದ ಹೆಸರಿನಲ್ಲಿ ಅಳೆಯುತ್ತಿರುವುದು ಬಹಳ ಸಲ ಅಪ್ಪ ಅಮ್ಮಂದಿರ ಆದಾಯವನ್ನು, ಶಾಲೆಯ ಶುಲ್ಕವನ್ನು, ಜಾತಿಯನ್ನು.

ಗೊತ್ತಿದ್ದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ

ಅರಿವು ಮೂಡಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಆಸ್ಟ್ರೇಲಿಯಾದ ಒಂದು ಪ್ರಕರಣವನ್ನು ತಿಳಿಯಬೇಕು. ಅಲ್ಲಿನ ಮೂಲನಿವಾಸಿಗಳ ಇಂಗ್ಲಿಷ್ ಮತ್ತು ಮಾತಿನ ರೀತಿಯ ಬಗ್ಗೆ ಭಾಷಾವಿಜ್ಞಾನಿ ಡಯಾನಾ ಈಡ್ಸ್ 1992ರಲ್ಲಿ ಕ್ವೀನ್ಸ್‌ಲ್ಯಾಂಡಿನ ವಕೀಲರಿಗಾಗಿ ಕೈಪಿಡಿ ಬರೆದರು. ಮೂಲನಿವಾಸಿಗಳು ಪ್ರಶ್ನೆಗೆ ತಕ್ಷಣ ಉತ್ತರಿಸದೆ ಮೌನವಾಗಿದ್ದರೆ ಅದನ್ನು ತಪ್ಪೊಪ್ಪಿಗೆ ಎಂದು ತಿಳಿಯಬಾರದು. ಕಣ್ಣು ಕೂಡಿಸದಿರುವುದು ಅವರಲ್ಲಿ ಮರ್ಯಾದೆ. ಅಧಿಕಾರಸ್ಥರು ಮೇಲಿಂದ ಮೇಲೆ ಕೇಳಿದರೆ, ಒಪ್ಪಿಗೆ ಇರಲಿ ಬಿಡಲಿ 'ಹೌದು' ಎಂದುಬಿಡುವ ಸಂಭವವಿದೆ ಎಂದೆಲ್ಲ ಅದರಲ್ಲಿತ್ತು. ಮೂಲನಿವಾಸಿ ಕಕ್ಷಿದಾರರನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲಿ ಎಂಬ ಉದ್ದೇಶದ ಪುಸ್ತಕ ಅದು.

1994ರ ಮೇ ತಿಂಗಳಲ್ಲಿ ಬ್ರಿಸ್ಬೇನಿನ ಆರು ಪೊಲೀಸರು 12, 13 ಮತ್ತು 14 ವರ್ಷದ ಮೂವರು ಮೂಲನಿವಾಸಿ ಹುಡುಗರನ್ನು ರಾತ್ರಿ ಕಾರುಗಳಲ್ಲಿ ಹತ್ತಿಸಿಕೊಂಡು ಹೋಗಿ, ಊರಾಚೆ ಪಿಂಕೆಂಬಾ ಎಂಬ ಕೈಗಾರಿಕಾ ಪ್ರದೇಶದಲ್ಲಿ ಬಿಟ್ಟುಬಂದರು. ಹುಡುಗರ ಮೇಲೆ ಯಾವ ಆರೋಪವೂ ದಾಖಲಾಗಿರಲಿಲ್ಲ. ಪೊಲೀಸರ ವಿರುದ್ಧ ಪ್ರಕರಣ ನಡೆಯಿತು. 1995ರ ವಿಚಾರಣೆಯಲ್ಲಿ ಪೊಲೀಸರ ಪರ ವಕೀಲರ ಮೇಜಿನ ಮೇಲೆ ಈಡ್ಸ್ ಅವರ ಅದೇ ಕೈಪಿಡಿ ಇತ್ತು. ಅವರು ಅದನ್ನು ತಲೆಕೆಳಗಾಗಿ ಬಳಸಿದರು ಎಂದು ಈಡ್ಸ್ ಮುಂದೆ ವಿವರವಾಗಿ ಬರೆದಿದ್ದಾರೆ. ಮೇಲಿಂದ ಮೇಲೆ ಒತ್ತಿ ಕೇಳಿದರೆ 'ಹೌದು' ಎನ್ನುತ್ತಾರೆ ಎಂದು ಗೊತ್ತಿದ್ದರಿಂದಲೇ ಮೇಲಿಂದ ಮೇಲೆ ಒತ್ತಿ ಕೇಳಿದರು. ಮೌನಕ್ಕೆ ಬೇರೆ ಅರ್ಥವಿದೆ ಎಂದು ಗೊತ್ತಿದ್ದೂ ಅದನ್ನು ಹುಡುಗರ ವಿರುದ್ಧ ತಿರುಗಿಸಿದರು. ಹುಡುಗರು ತಾವಾಗಿಯೇ ಕಾರು ಹತ್ತಿದರು ಎಂಬ ವಾದ ಗೆದ್ದಿತು. ಪೊಲೀಸರ ಮೇಲಿನ ಆರೋಪಗಳು ಬಿದ್ದುಹೋದವು.

ಅಲ್ಲಿ ಯಾರಿಗೂ ಅರಿವಿನ ಕೊರತೆ ಇರಲಿಲ್ಲ. ಇನ್ನೊಬ್ಬರ ಮೌನವನ್ನೂ ನೋಟವನ್ನೂ ವ್ಯಾಖ್ಯಾನಿಸುವ ಹಕ್ಕು ಒಂದೇ ಕಡೆಯವರ ಕೈಯಲ್ಲಿತ್ತು. ಆ ಹಕ್ಕು ಇದ್ದ ಕಡೆಯೇ ಇರುವಾಗ ಇನ್ನಷ್ಟು ಕೈಪಿಡಿ ಹಂಚುವುದು ಅದೇ ಕೈಗಳಿಗೆ ಇನ್ನೊಂದು ಆಯುಧ ಕೊಟ್ಟಂತೆ.

ಕಟಕಟೆ ಮತ್ತು ಕ್ಯಾಮೆರಾ

ಇದು ದೂರದ ದೇಶದ ಕಥೆ ಎಂದು ಮಗ್ಗುಲು ಬದಲಿಸುವಂತಿಲ್ಲ. ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮ, ವಿಚಾರಣೆಯ ವೇಳೆ ಸಾಕ್ಷಿಯ ವರ್ತನೆ, ಹಾವಭಾವದ ಬಗ್ಗೆ ಮುಖ್ಯವೆನಿಸಿದ್ದನ್ನು ನ್ಯಾಯಾಲಯ ಬರೆದಿಡಬಹುದು ಎನ್ನುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಸೆಕ್ಷನ್ನಿನಲ್ಲೂ ಇಂಥದ್ದೇ ಅವಕಾಶವಿತ್ತು; ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. 2003ರಲ್ಲಿ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ವಿಡಿಯೊ ಮೂಲಕ ಸಾಕ್ಷ್ಯ ಪಡೆಯಲು ಒಪ್ಪಿದ ಸುಪ್ರೀಂ ಕೋರ್ಟ್, ಪರದೆಯ ಮೇಲೂ ಸಾಕ್ಷಿಯ ಹಾವಭಾವ ನೋಡಬಹುದು ಎಂದಿತು.

ಜೀವನದಲ್ಲಿ ಮೊದಲ ಸಲ ಕೋರ್ಟಿನ ಮೆಟ್ಟಿಲು ಹತ್ತಿದ ಕೂಲಿ ಹೆಂಗಸನ್ನು ಯೋಚಿಸಿ ನೋಡಬೇಕು. ಎದುರಿಗೆ ಕರಿಕೋಟು, ಎತ್ತರದ ಕುರ್ಚಿ, ಪರಿಚಯವಿಲ್ಲದ ಇಂಗ್ಲಿಷು. ಅವರು ಸೆರಗು ಹಿಡಿದು, ನೆಲ ನೋಡುತ್ತ, ತಡೆದು ತಡೆದು ಮಾತಾಡುತ್ತಾರೆ. ಕಣ್ಣು ತಪ್ಪಿಸಿದರೆ ಸುಳ್ಳು ಎಂಬ ನಂಬಿಕೆ 58 ದೇಶಗಳ ಜನರಲ್ಲಿ ಇದ್ದಂತೆ ನ್ಯಾಯಾಧೀಶರಲ್ಲೂ ಇರಬಹುದಷ್ಟೇ. ಎದುರು ಕಕ್ಷಿಯಾಗಿ ಬಂದ ಜಮೀನುದಾರರು ಎದೆಯುಬ್ಬಿಸಿ, ಕಣ್ಣಿಗೆ ಕಣ್ಣು ಕೊಟ್ಟು ಸುಳ್ಳು ಹೇಳಬಲ್ಲರು. ಬದುಕಿಡೀ ಹಾಗೆ ನಿಂತೇ ಅಭ್ಯಾಸ ಅವರಿಗೆ.

ಇದೇ ದೇಶದ ಸುಪ್ರೀಂ ಕೋರ್ಟ್ 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ, ಮಂಪರು ಪರೀಕ್ಷೆ, ಪಾಲಿಗ್ರಾಫ್ ಮತ್ತು ಮಿದುಳಿನ ತರಂಗ ಓದುವ ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವುದು ಸಂವಿಧಾನ ವಿರೋಧಿ ಎಂದಿತು. ಬೆವರು, ಎದೆಬಡಿತ, ಉಸಿರು ಅಳೆಯುವ ಯಂತ್ರದ ಓದನ್ನು ಒಪ್ಪಿಗೆಯಿಲ್ಲದೆ ಹೇರಬಾರದು ಎಂಬ ಎಚ್ಚರ ಇರುವಾಗ, ಯಂತ್ರವೂ ಇಲ್ಲದೆ ಬರಿಗಣ್ಣಿನಿಂದ ಮಾಡುವ ಓದಿಗೆ ಇಷ್ಟು ಸಲಿಗೆ ಏಕೆ?

ಈಗ ಯಂತ್ರಗಳು ಬೇರೆ ದಾರಿಯಿಂದ ಮರಳಿ ಬರುತ್ತಿವೆ. 2021ರ ಜನವರಿಯಲ್ಲಿ ಲಖನೌ ಪೊಲೀಸರು, ಬೀದಿಯಲ್ಲಿ ಹೋಗುವ ಹೆಂಗಸರ ಮುಖಭಾವ ನೋಡಿ ಅವರು ಸಂಕಟದಲ್ಲಿದ್ದಾರೆಯೇ ಎಂದು ಗುರುತಿಸುವ ಕ್ಯಾಮೆರಾಗಳನ್ನು ಹಾಕುವ ಯೋಜನೆ ಪ್ರಕಟಿಸಿದರು. ಅದೇ ತಿಂಗಳು ಅಮೆರಿಕದ ಹೈರ್‌ವ್ಯೂ ಕಂಪನಿ, ವಿಡಿಯೊ ಸಂದರ್ಶನಗಳಲ್ಲಿ ಅಭ್ಯರ್ಥಿಯ ಮುಖವನ್ನು ವಿಶ್ಲೇಷಿಸಿ ಅಂಕ ಕೊಡುವುದನ್ನು ಕೈಬಿಟ್ಟಿರುವುದಾಗಿ ಹೇಳಿತು. ಮುಖಭಾವದಿಂದ ಮನಸ್ಸಿನ ಸ್ಥಿತಿಯನ್ನು ನಂಬಿಕೆಗೆ ಅರ್ಹವಾಗಿ ಹೇಳಲಾಗದು ಎಂದು ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರ ದೊಡ್ಡ ಸಮೀಕ್ಷೆ 2019ರಲ್ಲೇ ತೋರಿಸಿತ್ತು: ಸಿಟ್ಟು ಬಂದವರೆಲ್ಲ ಹುಬ್ಬು ಗಂಟಿಕ್ಕುವುದಿಲ್ಲ, ಹುಬ್ಬು ಗಂಟಿಕ್ಕಿದವರಿಗೆಲ್ಲ ಸಿಟ್ಟು ಬಂದಿರುವುದಿಲ್ಲ. ಯೂರೋಪಿಯನ್ ಒಕ್ಕೂಟವು ಕೆಲಸದ ಜಾಗದಲ್ಲಿ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಜನರ ಭಾವನೆಗಳನ್ನು ಊಹಿಸುವ ಎಐ ವ್ಯವಸ್ಥೆಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು, 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ. ಕೋಣೆಯಲ್ಲಿ ಕೂತ ಮೂವರು ಪಟ್ಟಿ ಹಿಡಿದು ಮಾಡಿದ ತಪ್ಪು ಒಂದು ದಿನಕ್ಕೆ ಹತ್ತು ಜನರನ್ನು ತಟ್ಟಿದರೆ, ಅದೇ ಪಟ್ಟಿ ಕಲಿತ ತಂತ್ರಾಂಶದ ತಪ್ಪು ಒಂದು ಗಂಟೆಗೆ ಹತ್ತು ಸಾವಿರ ಜನರನ್ನು ತಟ್ಟುತ್ತದೆ.

ಹಾಗಾದರೆ?

ಆಕ್ಷೇಪಗಳು ಇವೆ. ಮೊದಲನೆಯದು: ಮನುಷ್ಯರು ಒಬ್ಬರನ್ನೊಬ್ಬರು ನೋಡಿಯೇ ಬದುಕುವುದು, ಮುಖ ನೋಡಿ ಮಗುವಿಗೆ ಜ್ವರ ಎಂದು ತಾಯಿಗೆ ತಿಳಿಯುವುದಿಲ್ಲವೇ? ತಿಳಿಯುತ್ತದೆ, ಏಕೆಂದರೆ ಆ ಮುಖವನ್ನು ಅವರು ದಿನವೂ ನೋಡಿದ್ದಾರೆ. ತಿಳಿದದ್ದು ತಪ್ಪಾದರೆ ಹಣೆ ಮುಟ್ಟಿದಾಗ ಗೊತ್ತಾಗುತ್ತದೆ. ಸಂದರ್ಶಕರಿಗೆ ಆ ಮುಖದ ನಿನ್ನೆ ಗೊತ್ತಿಲ್ಲ. ಅವರ ಊಹೆಯನ್ನು ಅಭ್ಯರ್ಥಿಗೆ ತೋರಿಸುವುದಿಲ್ಲ, ತಿದ್ದಲು ಬಿಡುವುದಿಲ್ಲ. ತಿರಸ್ಕಾರದ ಇಮೇಲಿನಲ್ಲಿ ಕಾರಣವೂ ಇರುವುದಿಲ್ಲ.

ಎರಡನೆಯದು: ಗ್ರಾಹಕರ ಎದುರು ಕೂರುವ ಕೆಲಸಕ್ಕೆ ಅಂಥ ನಡವಳಿಕೆ ಬೇಕಲ್ಲವೇ? ಬೇಕಿದ್ದರೆ ಕಲಿಸಬಹುದು. 'ಈ ಗ್ರಾಹಕರು ಕಣ್ಣು ನೋಡಿ ಮಾತಾಡುವುದನ್ನು ಬಯಸುತ್ತಾರೆ, ಹಾಗೆ ಮಾಡಿ' ಎಂದರೆ ಅದು ಒಂದು ನಾಡಿನ ರೂಢಿಯ ಪಾಠ, ಹೊಸ ಭಾಷೆಯ ನಾಲ್ಕು ವಾಕ್ಯ ಕಲಿಸಿದಂತೆ. ಒಂದು ವಾರದಲ್ಲಿ ಯಾರಾದರೂ ಕಲಿತಾರು. 'ಕಣ್ಣು ನೋಡದವರಿಗೆ ಆತ್ಮವಿಶ್ವಾಸವಿಲ್ಲ, ಪ್ರಾಮಾಣಿಕತೆ ಅನುಮಾನ' ಎಂದರೆ ಅದು ವ್ಯಕ್ತಿಯ ಗುಣದ ಮೇಲೆ ಕೊಟ್ಟ ತೀರ್ಪು. ಮೊದಲನೆಯದನ್ನು ಕಲಿಸಲು ಯಾರ ಅಡ್ಡಿಯೂ ಇಲ್ಲ. ಎರಡನೆಯದನ್ನು ಮಾರುವುದು ನಿಲ್ಲಬೇಕು.

ಮೂರನೆಯದು: ಇದೆಲ್ಲ ಆಗುವ ಮಾತೇ? ಆಗಿದೆ. ಶಿಫಾರಸು, ಲಂಚದ ಕಾಟಕ್ಕಾಗಿ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಸಂದರ್ಶನವನ್ನೇ ಬಿಡಿ ಎಂದು ಖಾಸಗಿ ಕಂಪನಿಗಳನ್ನು ಕೇಳಬೇಕಿಲ್ಲ. ಮೂರು ಕೆಲಸ ಸಾಕು. ಮೌಲ್ಯಮಾಪನದ ಹಾಳೆಯಿಂದ 'ಬಾಡಿ ಲಾಂಗ್ವೇಜ್' ಎಂಬ ಕಾಲಂ ತೆಗೆಯಬೇಕು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳನ್ನು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು, ಅದಕ್ಕೆ ಅಂಕ ಕೊಡಬೇಕು. ಯಾರದಾದರೂ ಮೌನವೋ ನೋಟವೋ ತೊಡಕೆನಿಸಿದರೆ ಅಲ್ಲೇ ಕೇಳಬೇಕು: "ಯೋಚನೆ ಮಾಡ್ತಾ ಇದ್ದೀರಾ? ಪರವಾಗಿಲ್ಲ, ನಿಧಾನವಾಗಿ ಹೇಳಿ."

ಈ ಪತ್ರ ತಲುಪುವ ಮನೆಗಳಲ್ಲಿ ಸಂದರ್ಶನಕ್ಕೆ ತಯಾರಾಗುತ್ತಿರುವ ಮಕ್ಕಳಿದ್ದಾರೆ. ಮೇಜಿನ ಆಚೆ ಕೂತು ಅಂಕ ಹಾಕುವವರು ಅದಕ್ಕಿಂತ ಹೆಚ್ಚಿದ್ದಾರೆ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಇದೇ ಊರುಗಳಿಗೆ ಬಂದು, ಕಟ್ಟಿದ ಕೈ ಬಿಚ್ಚಿಕೊಳ್ಳಲು ಕಲಿತು, ಮೇಲೆ ಬಂದವರು. ತಾವು ಕಲಿತಂತೆ ಬೇರೆಯವರೂ ಕಲಿಯಲಿ ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ಅವರಲ್ಲಿ ಬಹುಪಾಲು ಜನರಿಗೆ ಮೊದಲ ಕೆಲಸ ಸಿಕ್ಕಿದ್ದು, ಅವರು ನೆಲ ನೋಡುತ್ತ ಹೇಳಿದ ಉತ್ತರವನ್ನು ಕಿವಿಗೊಟ್ಟು ಕೇಳಿದ ಯಾರೋ ಒಬ್ಬರಿಂದ. ಮುಂದಿನ ವಾರ ಅವರ ಕೈಗೆ ಬರುವ ಹಾಳೆಯಲ್ಲಿ ಆ ಕಾಲಂ ಇರುತ್ತದೆ. ಅದನ್ನು ಖಾಲಿ ಬಿಟ್ಟು, ಏಕೆ ಖಾಲಿ ಬಿಟ್ಟೆವೆಂದು ಕೆಳಗೆ ಒಂದು ಸಾಲು ಬರೆಯಲಿ.